ಗೇಟ್ ಎತ್ತಿದ ವಾರ

ಅಣೆಕಟ್ಟು ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕೆಆರ್‌ಎಸ್. ಆ ಗೋಡೆ ಎರಡೂವರೆ ಕಿಲೋಮೀಟರಿಗೂ ಉದ್ದ, ಅದು ಹಿಡಿದಿಡುವುದು 49 ಟಿಎಂಸಿ ನೀರು. ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನ ಸಾಮರ್ಥ್ಯ 37.73 ಟಿಎಂಸಿ. ಹಾಗಾದರೆ ಗೋಡೆಯೂ ಒಂದೂವರೆ, ಎರಡು ಕಿಲೋಮೀಟರ್ ಇರಬೇಕಲ್ಲ ಎಂದು ಲೆಕ್ಕ ಹಾಕಿಕೊಂಡು ಬಂದವರು ಇಲ್ಲಿ ಬೆಪ್ಪಾಗಿ ನಿಲ್ಲುತ್ತಾರೆ. ಇದರ ಉದ್ದ ಬರೀ 155 ಮೀಟರಿನ ಆಸುಪಾಸು, ಎತ್ತರ 43 ಮೀಟರ್. ಈ ತುದಿಯಲ್ಲಿ ಬೀಡಿ ಹಚ್ಚಿಕೊಂಡು ಹೊರಟವನು ಆ ತುದಿ ಮುಟ್ಟಿದಾಗ ಬೀಡಿ ಇನ್ನೂ ಅರ್ಧ ಉಳಿದಿರುತ್ತದೆ. ಹಿಂದೆ ತಿರುಗಿ ನೋಡಿದರೆ ದೃಷ್ಟಿ ಹಾಯುವ ತನಕ ರೇಣುಕಾಸಾಗರ. ಗೋಡೆಯ ಕೆಲಸವನ್ನು ಗುಡ್ಡಗಳೇ ಮಾಡಿವೆ. ನಡುವಿನ ಸಂದಿಯನ್ನಷ್ಟೇ ಮನುಷ್ಯರು ಮುಚ್ಚಿದ್ದಾರೆ.

ಆ ಸಂದಿಯನ್ನು ಕೊರೆದದ್ದು ಯಾರು ಅಂದರೆ, ಹೊಳೆ. ಖಾನಾಪುರದ ಕಣಕುಂಬಿಯಲ್ಲಿ ಹುಟ್ಟಿ, ಮಲೆನಾಡಿನ ಸೆರಗು ಬಿಟ್ಟು, ಎರಿ ಹೊಲಗಳ ನಡುವೆ ಆರಾಮಾಗಿ ಹರಿದು ಬರುವ ಮಲಪ್ರಭೆಗೆ ಇಲ್ಲಿ ಗುಡ್ಡದ ಸಾಲು ಅಡ್ಡ ಸಿಗುತ್ತದೆ. ಬಳಸಿಕೊಂಡು ಹೋಗಬಹುದಿತ್ತು. ಹೋಗಲಿಲ್ಲ. ಗುಡ್ಡವನ್ನೇ ಕೊಯ್ದುಕೊಂಡು ಮುಂದೆ ನಡೆದು ರಾಮದುರ್ಗ, ಪಟ್ಟದಕಲ್ಲು ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿತು. ಕೊಯ್ದ ಕಲ್ಲಾದರೂ ಎಂಥದ್ದು! ಭೂವಿಜ್ಞಾನಿಗಳು ಅದಕ್ಕೆ ಇಲ್ಲೇ ಹತ್ತಿರದ ಊರಾದ ಸವದತ್ತಿಯ ಹೆಸರನ್ನೇ ಇಟ್ಟು ‘ಸವದತ್ತಿ ಕ್ವಾರ್ಟ್‌ಜೈಟ್’ ಎನ್ನುತ್ತಾರೆ. ಕಲಾದಗಿ ಶಿಲಾಸಮೂಹದ ತಳದ ಪದರಗಳಲ್ಲಿ ಒಂದು, ವಯಸ್ಸು ನೂರು ಕೋಟಿ ವರ್ಷಕ್ಕೂ ಮೇಲೆ. ದಾರಿ ಬದಿಯಲ್ಲಿ ಎದ್ದು ಬಿದ್ದಿದ್ದ ಒಂದು ಹಾಸುಗಲ್ಲಿನ ಮೇಲೆ ಕೈಯಾಡಿಸಿದೆ. ನಸುಗೆಂಪು ಬಣ್ಣ, ಬಿಸಿಲಿಗೆ ಕಾದ ಮೈ, ಅದರ ಮೇಲೆ ಸಾಲುಸಾಲಾಗಿ ಬೆರಳಗಲದ ಏರಿಳಿತ. ಅವು ಅಲೆಯ ಗುರುತು. ಯಾವುದೋ ಕಾಲದ ತಿಳಿನೀರು ಮರಳಿನ ಮೇಲೆ ಎಳೆದ ಗೆರೆಗಳು, ಮರಳು ಕಲ್ಲಾದ ಮೇಲೂ ಅಳಿಸದೆ ಉಳಿದಿವೆ. ಆ ನೀರು ಇಲ್ಲಿದ್ದಾಗ ಭೂಮಿಯ ಮೇಲೆ ಒಂದು ಗರಿಕೆಯೂ ಇರಲಿಲ್ಲ, ನವಿಲಂತೂ ದೂರದ ಮಾತು.

ನಾನು ಬಂದದ್ದು ಬೈಲಹೊಂಗಲದ ಕಡೆಯಿಂದ, ಬೈಕಿನಲ್ಲಿ. ಎರಡೂ ಕಡೆ ತೆನೆ ಹಾಯ್ದ ಬಿಳಿಜೋಳ, ನಡುವೆ ಕಡಲೆ, ಎದುರಿಗೆ ಕಬ್ಬು ಹೇರಿಕೊಂಡು ಓಲಾಡುತ್ತ ಬರುವ ಟ್ರ್ಯಾಕ್ಟರುಗಳು, ಒಂದೊಂದಕ್ಕೂ ಎರಡೆರಡು ಟ್ರೇಲರ್. ಹಿಂದಿನಿಂದ ‘ಉಧೋ ಉಧೋ’ ಅನ್ನುತ್ತ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಗಾಡಿಗಳು. ಹಾದು ಹೋದಾಗ ಭಂಡಾರದ ಪುಡಿ ಗಾಳಿಯಲ್ಲಿ ಹಾರಿ ಹೆಲ್ಮೆಟ್ಟಿನ ಗಾಜಿಗೆ ಬಂದು ಕೂತಿತು. ಮುನವಳ್ಳಿಯ ಹತ್ತಿರ ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿದೆ. ಬೇಸಿಗೆಯಲ್ಲಿ ಎರಿ ಮಣ್ಣು ಬಿರುಕು ಬಿಟ್ಟು ಚಕ್ರವನ್ನು ಹಿಡಿಯುತ್ತದೆ, ಮಳೆಗಾಲದಲ್ಲಿ ಮಡ್‌ಗಾರ್ಡಿನೊಳಗೆ ತುಂಬಿಕೊಂಡು ಚಕ್ರ ತಿರುಗದಂತೆ ಮಾಡುತ್ತದೆ. ಈ ಹಂಗಾಮಿನಲ್ಲಿ ಮಾತ್ರ ಸಂಭಾವಿತ. ಹೊಲ ಮುಗಿದು ಗುಡ್ಡದ ಬುಡ ಬಂದಂತೆ ಗರಸು, ಆಮೇಲೆ ಉರುಟು ಕಲ್ಲು. ಒಂದೇ ದಾರಿಯಲ್ಲಿ ಮೂರು ನಮೂನೆಯ ನೆಲ. ಬೈಕ್ ರ‍್ಯಾಲಿ ಓಡಿಸುವವರು ಇಂಥ ನೆಲ ಕಂಡರೆ ಬಿಡುವುದಿಲ್ಲ ಅನ್ನಿಸಿತು. ಅಲ್ಲಿಂದಲೇ ನನ್ನ ತಲೆಗೆ 2019ರ ಆಗಸ್ಟ್ ತಿಂಗಳು ಹೊಕ್ಕದ್ದು.

ಆ ವರ್ಷ ಆಗಸ್ಟಿನ ಎರಡನೇ ವಾರದ ಕನ್ನಡ ಪತ್ರಿಕೆಗಳನ್ನು ತೆರೆದರೆ ಮುಖಪುಟದ ತುಂಬ ನೀರು. ವರ್ಷಗಟ್ಟಲೆ ತುಂಬದೆ ಒಣಗಿದ್ದ ರೇಣುಕಾಸಾಗರ ಖಾನಾಪುರದ ಕಡೆ ಸುರಿದ ಮಳೆಗೆ ದಿನಗಳ ಅಂತರದಲ್ಲಿ ಭರ್ತಿಯಾಗಿತ್ತು. ನವಿಲುತೀರ್ಥದ ಗೇಟುಗಳನ್ನು ಎತ್ತಿದರು. ಮುನವಳ್ಳಿ, ರಾಮದುರ್ಗ, ಕೆಳಗೆ ಪಟ್ಟದಕಲ್ಲಿನ ಗುಡಿಗಳ ಅಂಗಳ, ಎಲ್ಲ ಕಡೆ ಹೊಳೆ ಹೊಕ್ಕಿತು. ಅಣೆಕಟ್ಟಿನ ದಾರಿಯಲ್ಲಿ ಚಹಾ ಅಂಗಡಿ ಇಟ್ಟುಕೊಂಡ ಅಕ್ಕ ಅದನ್ನು ಹೇಳುವಾಗ ಕೈಯನ್ನು ಎದೆಯ ಹತ್ತಿರ ತಂದು ತೋರಿಸಿದರು. “ಇಲ್ಲೀ ಮಟಾ ಬಂದಿತ್ರೀ ನಮ್ಮ ಮನ್ಯಾಗ. ಜೋಳದ ಚೀಲ ಎಲ್ಲಾ ಮೊಳಕಿ ಒಡದ್ವು. ಮಳಿ ಬರ್ಲಿ ಬರ್ಲಿ ಅಂತ ಎಲ್ಲವ್ವಗ ಬೇಡ್ಕೊಂಡಾಕಿ ನಾನ, ಸಾಕು ಸಾಕು ಅಂದಾಕೀನೂ ನಾನ.”

ಅದೇ ವಾರ, ಹಂಗೇರಿಯ ವರ್ಪಾಲೋಟಾ ಎಂಬಲ್ಲಿ, ಬೆಂಗಳೂರಿನ 23 ವರ್ಷದ ಐಶ್ವರ್ಯಾ ಪಿಸ್ಸೆ ಒಂದು ಬೈಕ್ ರೇಸನ್ನು ನಾಲ್ಕನೆಯವರಾಗಿ ಮುಗಿಸಿದರು. ನಾಲ್ಕನೆಯ ಸ್ಥಾನಕ್ಕೆ ಯಾರು ಸುದ್ದಿ ಬರೆಯುತ್ತಾರೆ? ಆದರೆ ಆ ನಾಲ್ಕನೆಯ ಸ್ಥಾನದಿಂದಲೇ ಅವರು ಎಫ್‌ಐಎಂ ಬಾಜಾಸ್ ವಿಶ್ವಕಪ್‌ನ ಮಹಿಳಾ ವಿಭಾಗದ ಚಾಂಪಿಯನ್ ಆದರು. ಮೋಟಾರ್ ಕ್ರೀಡೆಯಲ್ಲಿ ವಿಶ್ವ ಪ್ರಶಸ್ತಿ ಗೆದ್ದ ಮೊದಲ ಭಾರತೀಯರು. ಸುದ್ದಿ ಬಂತು, ಪ್ರವಾಹದ ಸುದ್ದಿಯ ಹಿಂದೆ ಆಟದ ಪುಟದಲ್ಲಿ. ಮಲಪ್ರಭೆಯ ದಂಡೆಯ ಮಂದಿ ಆ ವಾರ ಪತ್ರಿಕೆ ಓದುವ ಸ್ಥಿತಿಯಲ್ಲಿ ಇರಲಿಲ್ಲ ಬಿಡಿ.

ಬಾಜಾ ಅಂದರೆ ಟ್ರ್ಯಾಕಿನ ಮೇಲೆ ಸುತ್ತು ಹೊಡೆಯುವ ರೇಸ್ ಅಲ್ಲ. ಮರಳು, ಗರಸು, ಹಳ್ಳ, ಕಾಡುದಾರಿ ದಾಟುವ ಓಟ. ಡಕಾರ್ ರ‍್ಯಾಲಿಯಂತೆ ಎರಡು ವಾರ ಎಳೆಯುವುದಿಲ್ಲ, ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಸವಾರರು ಒಬ್ಬೊಬ್ಬರಾಗಿ ಹೊರಡುತ್ತಾರೆ, ಗಡಿಯಾರದ ವಿರುದ್ಧ ಓಡುತ್ತಾರೆ. ದಾರಿ ತೋರಿಸಲು ಹ್ಯಾಂಡಲಿನ ಮುಂದೆ ಒಂದು ಡಬ್ಬಿ, ಅದರೊಳಗೆ ಸುರುಳಿ ಸುತ್ತಿದ ಕಾಗದ. ಇಷ್ಟು ಕಿಲೋಮೀಟರಿಗೆ ಎಡಕ್ಕೆ, ಇಷ್ಟಕ್ಕೆ ಹಳ್ಳ, ಇಷ್ಟಕ್ಕೆ ಬಂಡೆ ಎಂದು ಚಿತ್ರಗಳಲ್ಲಿ ಬರೆದಿರುತ್ತಾರೆ. ಅಪಾಯಕ್ಕೆ ತಕ್ಕಂತೆ ಒಂದು, ಎರಡು ಅಥವಾ ಮೂರು ಆಶ್ಚರ್ಯಸೂಚಕ ಚಿಹ್ನೆ. ಮೂರಿದ್ದರೆ ಜೀವಕ್ಕೆ ಸಂಚಕಾರ ಅಂತ ಅರ್ಥ. ನಾನು ಬಂದ ದಾರಿಗೆ ಅಂಥ ಸುರುಳಿ ಬರೆದಿದ್ದರೆ ಹಳ್ಳದ ಇಳುಕಲಿಗೆ ಎರಡು ಚಿಹ್ನೆ ಹಾಕಬೇಕಿತ್ತು, ಕಬ್ಬಿನ ಟ್ರ್ಯಾಕ್ಟರ್ ಎದುರಾದ ತಿರುವಿಗೆ ಮೂರು. ನಿಂತು ಓಡಿಸುತ್ತ, ಎದುರಿನ ನೆಲವನ್ನೂ ಕಾಗದವನ್ನೂ ಒಟ್ಟಿಗೆ ಓದುತ್ತ, ದಾರಿ ತಪ್ಪದೆ ಮುಗಿಸುವುದೇ ಅರ್ಧ ಆಟ.

2018ರಲ್ಲಿ ಸ್ಪೇನಿನ ಅರಗಾನ್ ಬಾಜಾಕ್ಕೆ ಹೋದಾಗ ಐಶ್ವರ್ಯಾ ಬಿದ್ದರು. ಕೈಕಾಲು ಮುರಿದದ್ದಲ್ಲ, ಮೇದೋಜ್ಜೀರಕ ಗ್ರಂಥಿ ಒಡೆದಿತ್ತು. ಮರುವರ್ಷ ಮಾರ್ಚಿನಲ್ಲಿ ದುಬೈಯಲ್ಲಿ ಮತ್ತೆ ಬೈಕ್ ಹತ್ತಿ ಮಹಿಳಾ ವಿಭಾಗದಲ್ಲಿ ಮೊದಲಿಗರಾದರು. ಆಮೇಲೆ ಪೋರ್ಚುಗಲ್‌ನಲ್ಲಿ ಮೂರನೆಯ ಸ್ಥಾನ. ಹಿಂದಿನ ವರ್ಷ ಬಿದ್ದಿದ್ದ ಅದೇ ಸ್ಪೇನಿನಲ್ಲಿ ಐದನೆಯದು. ಕೊನೆಗೆ ಹಂಗೇರಿಯಲ್ಲಿ ನಾಲ್ಕನೆಯದು.

ಈಗ ಲೆಕ್ಕ ಹಾಕಿ. ಮೊದಲ ಸ್ಥಾನಕ್ಕೆ 25 ಪಾಯಿಂಟ್, ಮೂರನೆಯದಕ್ಕೆ 16, ನಾಲ್ಕನೆಯದಕ್ಕೆ 13, ಐದನೆಯದಕ್ಕೆ 11. ಕೂಡಿದರೆ 65. ಎರಡನೆಯ ಸ್ಥಾನ ಪಡೆದ ಪೋರ್ಚುಗಲ್‌ನ ರೀಟಾ ವಿಯೆರಾ ಅವರದು 61. ಅಂತರ ನಾಲ್ಕೇ ನಾಲ್ಕು. ಗುಡ್ಡದ ಮೇಲೆ ಕೂತು ಈ ಅಂಕಿಗಳನ್ನು ತಿರುಗಿಸಿ ಮುರುಗಿಸಿ ನೋಡಿದೆ. ಹಂಗೇರಿಯಲ್ಲಿ ಬೈಕ್ ಕೆಟ್ಟು ನಿಂತಿದ್ದರೆ 52, ಕಪ್ ಹೋಯಿತು. ಪೋರ್ಚುಗಲ್‌ನಲ್ಲಿ ಕೈಕೊಟ್ಟಿದ್ದರೆ 49, ಹೋಯಿತು. ಇರಲಿ, ಎಲ್ಲಕ್ಕಿಂತ ಸಪ್ಪೆಯಾದ ಸ್ಪೇನಿನ ಐದನೆಯ ಸ್ಥಾನವನ್ನು ತೆಗೆದು ನೋಡೋಣ: 54. ಆಗಲೂ ಹೋಯಿತು! ದುಬೈಯ ಗೆಲುವಿನ ಫೋಟೊ ಎಲ್ಲರೂ ಹಾಕಿಕೊಂಡರು. ಆದರೆ ಕಪ್ಪನ್ನು ತಂದುಕೊಟ್ಟದ್ದರಲ್ಲಿ ಯಾರೂ ಫೋಟೊ ಹಾಕದ ಆ ಐದನೆಯ ಸ್ಥಾನದ ಪಾಲೂ ಅಷ್ಟೇ ಇದೆ. ಒಡಲೊಳಗೆ ಗಾಯ ಮಾಡಿ ಕಳಿಸಿದ ನೆಲಕ್ಕೇ ಮರುವರ್ಷ ಮರಳಿ ಹೋಗಿ, ಬೀಳದೆ, ಅತಿಯಾಸೆ ಪಡದೆ, 11 ಪಾಯಿಂಟ್ ಎತ್ತಿಕೊಂಡು ಬಂದರಲ್ಲ, ನನ್ನ ಮಟ್ಟಿಗೆ ಆ ಋತುವಿನ ಅತಿ ದೊಡ್ಡ ಓಟ ಅದೇ. ಜೂನಿಯರ್ ವಿಭಾಗದಲ್ಲೂ ಅವರು 46 ಪಾಯಿಂಟ್‌ಗಳೊಂದಿಗೆ ಎರಡನೆಯವರಾದರು; ಚಿಲಿಯ ತೋಮಾಸ್ ದೆ ಗವಾರ್ದೊ 60 ಗಳಿಸಿ ಮೊದಲಿಗರು.

ಕರ್ನಾಟಕಕ್ಕೆ ಈ ಆಟ ಹೊಸದೇನಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು 36ನೆಯವರಾಗಿ ಮುಗಿಸಿದರು. ಆ ರ‍್ಯಾಲಿಯನ್ನು ಪೂರ್ತಿ ಮಾಡಿದ ಮೊದಲ ಭಾರತೀಯರು ಅವರು. 2021ರ ಜನವರಿಯಲ್ಲಿ ಸೌದಿ ಅರೇಬಿಯಾದಲ್ಲಿ ಬಿದ್ದು ತಲೆಗೆ ಪೆಟ್ಟಾಗಿ, ವೈದ್ಯರು ಕೋಮಾದಲ್ಲಿ ಇಟ್ಟು ಉಳಿಸಿಕೊಳ್ಳಬೇಕಾಯಿತು. ಉಡುಪಿಯ ಕೆ.ಪಿ. ಅರವಿಂದ್ ಎರಡು ಸಲ ಡಕಾರ್ ಅರ್ಧಕ್ಕೇ ಬಿಟ್ಟು ಬಂದು, 2019ರಲ್ಲಿ 37ನೆಯವರಾಗಿ ಮುಗಿಸಿದರು. ಮುಗಿಸುವುದೇ ಹೆಸರಿನ ಮಾತಾಗುವ ಆಟ ಇದು.

ಚಹಾ ಅಂಗಡಿಯ ಬಾಕಿನ ಮೇಲೆ ಪಟಗ ಸುತ್ತಿದ ಅಜ್ಜರೊಬ್ಬರು ಕೂತಿದ್ದರು. ನನ್ನ ಬೈಕಿನ ಚಕ್ರಕ್ಕೆ ಮೆತ್ತಿದ ಧೂಳು ನೋಡಿ ಮಾತು ತೆಗೆದರು. ಹರೆಯದಲ್ಲಿ ಚಕ್ಕಡಿ ಶರ್ಯತ್ತಿಗೆ ಎತ್ತು ಕಟ್ಟುತ್ತಿದ್ದರಂತೆ. ಈ ಸೀಮೆಯಲ್ಲಿ ಜಾತ್ರೆ ಅಂದಮೇಲೆ ಖಾಲಿ ಚಕ್ಕಡಿ ಓಡಿಸುವ ಶರ್ಯತ್ತು ಇರಲೇಬೇಕು, ಮೊದಲ ಬಹುಮಾನಕ್ಕೆ ಬೈಕ್ ಇಡುವುದೂ ಈಗ ರೂಢಿ. ನಾನು ಐಶ್ವರ್ಯಾರ ಲೆಕ್ಕ ಹೇಳಿದೆ. ಅಜ್ಜ ಒಪ್ಪಲಿಲ್ಲ.

“ನಾಕನೇ ನಂಬರ್ ಬಂದಾಕಿಗೆ ಕಪ್ ಕೊಟ್ರ, ಅವತ್ತ ಮೊದಲನೇದ ಬಂದಾಕಿ ಏನ್ ಮಾಡ್ಬೇಕು?”

“ಅವ್ರಿಗೆ ಅವತ್ತಿನ ರೇಸ್ ಸಿಕ್ಕಿತಲ್ರೀ ಅಜ್ಜಾರ. ಇದು ವರ್ಷದ್ದು, ನಾಲ್ಕೂ ಕೂಡಿಸಿದ್ದು.”

ಅಜ್ಜ ಸ್ವಲ್ಪ ಹೊತ್ತು ಎಲಿ ಅಡಕಿ ಅಗಿದರು. “ನಮ್ಮಾಗ ಹಂಗಿಲ್ಲ. ಅವತ್ತು ಓಡಿದ್ದ ಓಟ. ನಿನ್ನಿ ಓಡಿದ್ದು ನಿನ್ನಿಗೆ ಹೋತು.” ಒಂದು ಗುಟುಕು ಚಹಾ ಆದ ಮೇಲೆ ತಾವೇ ಮುಂದುವರಿಸಿದರು. “ಆದ್ರ ಒಂದ್ ಮಾತ್ ಖರೆ. ಒಂದ ಶರ್ಯತ್ತಿಗೆ ಎತ್ತಿನ ದಮ್ಮೆಲ್ಲಾ ತಗದಾಂವ, ಮುಂದಿನ ಜಾತ್ರಿಗೆ ಎತ್ತ ಹೊಡಕೊಂಡ ಬರೂದಿಲ್ಲ. ಬರೇ ತಾನ ಬರ್ತಾನ.”

ನಾನು ಹಾಕಿದ್ದ ಕೂಡು-ಕಳೆ ಲೆಕ್ಕಕ್ಕಿಂತ ಅದು ಖಡಕ್ಕಾಗಿತ್ತು.

ಅಷ್ಟರಲ್ಲಿ ಮುನವಳ್ಳಿ ಕಡೆಯ ಇಬ್ಬರು ಹುಡುಗರು ಬೈಕ್ ನಿಲ್ಲಿಸಿ ನಮ್ಮ ಮಾತಿಗೆ ಕಿವಿಗೊಟ್ಟರು. ಒಬ್ಬ ಮೊಬೈಲಿನಲ್ಲಿ ಹುಡುಕಿ ವಿಡಿಯೊ ತೆಗೆದ. ಮರಳುಗಾಡು, ಧೂಳಿನ ಮೋಡ, ಅದರೊಳಗಿಂದ ಹಾರಿ ಬರುವ ಬೈಕ್. ಇಬ್ಬರೂ ಕಣ್ಣು ಪಿಳುಕಿಸದೆ ನೋಡಿದರು. ಚಹಾದ ಅಕ್ಕನೂ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಗ್ಗಿ ನೋಡಿದರು. “ಹೆಣ್ಮಗಳೇನ ಅಕಿ? ಬಿದ್ದಗಿದ್ದಾಳಬೇ ಯವ್ವಾ!”

ಡಕಾರಿನಲ್ಲಿ ಓಡಿಸುವ ಗಾಡಿಗಳು 450 ಸಿಸಿಯವು, ಟ್ಯಾಂಕಿಗೆ ಮೂವತ್ತು ಲೀಟರಿಗಿಂತ ಹೆಚ್ಚು ಪೆಟ್ರೋಲ್ ಹಿಡಿಯುತ್ತದೆ ಅಂದೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ರೇಸಿನ ಬಗ್ಗೆ ಏನೋ ಕೇಳುತ್ತಾರೆ ಅಂದುಕೊಂಡೆ.

“ಮೂವತ್ತ ಲೀಟರಾ? ಎವರೇಜ್ ಎಷ್ಟ ಕೊಡ್ತೈತ್ರೀ ಹಂಗಂದ್ರ?”