ಹದಿನೈದು ವ್ಯಾಟ್‌ನಷ್ಟು ದನಿ

"ಎಲ್ಲಿ ನುಡಿಸ್ತೀರಾ ಸರ್?" ಅಂಗಡಿಯ ಹುಡುಗ ಕೇಳಿದ.

"ಮನೇಲಿ" ಅಂದೆ.

"ಮನೇಲಾದ್ರೆ ಆ್ಯಂಪ್ ಯಾಕೆ? ಅಕೂಸ್ಟಿಕ್ ಗಿಟಾರ್ ಅಲ್ವಾ, ಅದಕ್ಕೇ ಬೇಕಾದಷ್ಟು ಸದ್ದಿದೆಯಲ್ಲ!"

ಮಾರಬೇಕಾದವನೇ ಹೀಗೆ ಕೇಳಿದರೆ ಏನು ಹೇಳುವುದು? ನನಗೆ ಬೇಕಿತ್ತು, ಅಷ್ಟೆ. ಫೆಲೋಶಿಪ್ಪಿನಲ್ಲಿ ಉಳಿಸಿದ 20 ಸಾವಿರ ರೂಪಾಯಿ ಜೇಬಿನಲ್ಲಿತ್ತು. ಆ ದುಡ್ಡಿಗೆ ಸಿಗುವ ಪೆಟ್ಟಿಗೆಗಳಲ್ಲಿ ಯಾವುದಕ್ಕೆ ಹೆಚ್ಚು ವ್ಯಾಟ್ ಇದೆಯೋ ಅದನ್ನು ಹೊತ್ತುಕೊಂಡು ಊರಿನ ಬಸ್ಸು ಹತ್ತುವುದು ನನ್ನ ಲೆಕ್ಕಾಚಾರವಾಗಿತ್ತು.

ಆ ಲೆಕ್ಕ ಮೊದಲಿಗೇ ತಪ್ಪಿತ್ತು. 15 ವ್ಯಾಟ್ ಇದ್ದದ್ದು 30 ಆದರೆ ಸದ್ದು ಇಮ್ಮಡಿಯಾಗುವುದಿಲ್ಲ. ಹೆಚ್ಚುವುದು ಮೂರು ಡೆಸಿಬಲ್ ಮಾತ್ರ. ಕಿವಿಗೆ ಇಮ್ಮಡಿ ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವಿದ್ಯುತ್ ಬೇಕು. ನಮ್ಮ ಮನೆಯ ನಡುಮನೆಗೆ 15 ವ್ಯಾಟೇ ಧಾರಾಳ.

ಹುಡುಗ ನನ್ನ ಗಿಟಾರಿಗೆ ಕೇಬಲ್ ಸಿಕ್ಕಿಸಿ ಮೊದಲು ಅಗ್ಗದ್ದೊಂದನ್ನು ತೋರಿಸಿದ. ಅದು ಎಲೆಕ್ಟ್ರಿಕ್ ಗಿಟಾರಿನ ಆ್ಯಂಪ್. ತಂತಿ ಮೀಟಿದರೆ ಡಬ್ಬದೊಳಗೆ ಕೂತು ಮಾತಾಡಿದಂತೆ ಕೇಳಿಸಿತು. ಎಲೆಕ್ಟ್ರಿಕ್ ಗಿಟಾರಿಗೆ ಸ್ವಂತ ದನಿ ಕಡಿಮೆ, ಆ್ಯಂಪೇ ಅದಕ್ಕೆ ಬಣ್ಣ ಕೊಡಬೇಕು. ಅದರ ಸ್ಪೀಕರಿನಲ್ಲಿ ಸುಮಾರು 5 ಕಿಲೋಹರ್ಟ್ಸ್‌ನಿಂದಾಚೆಗಿನ ಸದ್ದು ಬೇಗ ಕುಸಿಯುತ್ತದೆ. ಅಕೂಸ್ಟಿಕ್ ಗಿಟಾರಿನ ಮಿನುಗು ಇರುವುದೇ ಆ ಎತ್ತರದಲ್ಲಿ. ಅದಕ್ಕೆ ಬೇಕಿರುವುದು ಬಣ್ಣ ಬಳಿಯದೆ, ಕೊಟ್ಟದ್ದನ್ನು ಕೊಟ್ಟ ಹಾಗೇ ಹೇಳುವ ಪೆಟ್ಟಿಗೆ.

ಆಮೇಲೆ ಅವನು ಫೆಂಡರ್ ಅಕೂಸ್ಟಸಾನಿಕ್ 15 ಎಂಬ ಚಿಕ್ಕ ಆ್ಯಂಪನ್ನು ಎಳೆದ. 15 ವ್ಯಾಟ್, ಆರು ಇಂಚಿನ ಸ್ಪೀಕರ್. ಸ್ಫಟಿಕವನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆಂದು ಪಿಯೇರ್ ಕ್ಯೂರಿ ಮತ್ತು ಅವನ ಅಣ್ಣ ಜಾಕ್ ತೋರಿಸಿದ್ದು 1880ರಲ್ಲಿ. ನನ್ನ ಗಿಟಾರಿನ ತಂತಿಗಳ ಕೆಳಗಿರುವ ಪಿಕಪ್ ಕೆಲಸ ಮಾಡುವುದೂ ಅದೇ ತತ್ವದ ಮೇಲೆ. ಈ ಪೆಟ್ಟಿಗೆಯಲ್ಲಿ ಗಿಟಾರು ಗಿಟಾರಿನಂತೆಯೇ ಕೇಳಿಸಿತು.

"ಇನ್ನೊಂದು ಚಾನೆಲ್ ಮೈಕಿಗೆ ಸರ್. ಮನೇಲಿ ಯಾರಾದ್ರೂ ಹಾಡ್ತಾರಾ?"

"ಅಮ್ಮ ಹಾಡ್ತಿದ್ರು" ಅಂದೆ. 'ಹಾಡ್ತಾರೆ' ಅನ್ನಲಿಲ್ಲ. ಬಾಯಿಂದ ಬಂದದ್ದು ನನಗೇ ಆಮೇಲೆ ಕೇಳಿಸಿತು.

ಎರಡು ವರ್ಷದ ಹಿಂದೆ ಅಮ್ಮನಿಗೆ ಥೈರಾಯ್ಡ್ ಆಪರೇಷನ್ ಆಗಿತ್ತು. ದನಿಪೆಟ್ಟಿಗೆಯ ನರಗಳು ಥೈರಾಯ್ಡ್ ಗ್ರಂಥಿಗೆ ಅಂಟಿದಂತೆಯೇ ಹಾದುಹೋಗುತ್ತವೆ. ಕೆಲವರಿಗೆ ಆಮೇಲೆ ಮಾತು ಸರಿಯಿದ್ದರೂ ದನಿ ತೆಳ್ಳಗಾಗುತ್ತದೆ, ಮೇಲಿನ ಸ್ವರ ಹತ್ತುವುದಿಲ್ಲ. ಅಮ್ಮನಿಗೆ ಆದದ್ದೂ ಅದೇ. ಭಜನಾ ಮಂಡಳಿಯಲ್ಲಿ ಮುಂದಿನ ಸಾಲಿನವಳು ಹಿಂದಿನ ಸಾಲಿಗೆ ಹೋಗಿ ತುಟಿ ಅಲ್ಲಾಡಿಸತೊಡಗಿದಳು. ಕಳೆದ ದೀಪಾವಳಿಗೆ ನಾನು ಗಿಟಾರು ಹಿಡಿದಾಗ ಒಂದು ಚರಣ ಹಾಡಿ ನಿಲ್ಲಿಸಿ, "ನೀನು ನುಡ್ಸು ಮಗಾ, ನಾನು ಕೇಳ್ತೀನಿ" ಅಂದಿದ್ದಳು. ಸುಸ್ತಾಗಿರಬೇಕು ಅಂದುಕೊಂಡೆ. ನಿಜ ಹೇಳಬೇಕೆಂದರೆ, ನನ್ನ ಸ್ಟ್ರಮ್ಮಿಂಗಿಗೆ ಜಾಗ ಸಿಕ್ಕಿತೆಂದು ಒಳಗೊಳಗೆ ಖುಷಿಯೇ ಆಗಿತ್ತು. ನಾನು ಮುಚ್ಚಿಹಾಕುತ್ತಿದ್ದದ್ದು ಅವಳ ದನಿಯನ್ನು ಅನ್ನುವುದು ಹೊಳೆದಿರಲಿಲ್ಲ. ಈಗ ನೋಡಿದರೆ, ಆ ಗಿಟಾರನ್ನು ಇನ್ನೂ ಜೋರು ಮಾಡಲು ಬೆಂಗಳೂರಿಗೆ ಬಂದು ನಿಂತಿದ್ದೆ.

ಪೆಟ್ಟಿಗೆ ಕೊಂಡೆ. ಗೆಳೆಯನ ಹಳೇ ಡೈನಮಿಕ್ ಮೈಕನ್ನು ಎರವಲು ತಂದೆ. ಅದಕ್ಕೆ ಆ್ಯಂಪಿನಿಂದ ಬೇರೆ ವಿದ್ಯುತ್ ಬೇಕಿಲ್ಲ.

"ನಂಗ್ಯಾಕೋ ಮೈಕು? ಭಾಷಣ ಮಾಡೋಕಾ?" ಅಮ್ಮ ಅಡುಗೆಮನೆಯಿಂದಲೇ ಗದರಿದಳು. ಎರಡು ದಿನ ಅದು ಮೂಲೆಯಲ್ಲೇ ಇತ್ತು. ಮೂರನೇ ದಿನ ಸಂಜೆ ದೀಪ ಹಚ್ಚಿ ಬಂದವಳು ತಾನಾಗಿ ಮೈಕಿನ ಮುಂದೆ ಕೂತು ಕೆಮ್ಮಿದಳು. ಪೆಟ್ಟಿಗೆ ಕೀರ್ ಎಂದು ಕಿರುಚಿತು. ಸ್ಪೀಕರಿನ ಸದ್ದು ಮತ್ತೆ ಮೈಕಿಗೇ ಹೊಕ್ಕು ಸುತ್ತುಹಾಕುತ್ತಿತ್ತು. ಆ್ಯಂಪನ್ನು ಅವಳ ಮುಂದಕ್ಕೆ ಸರಿಸಿ, ಮೈಕಿಗೆ ಬೆನ್ನಾಗುವಂತೆ ತಿರುಗಿಸಿಟ್ಟೆ. ಮೈಕನ್ನು ಬಾಯಿಗೆ ಹತ್ತಿರ ತಂದು ವಾಲ್ಯೂಮ್ ಇಳಿಸಿದೆ. ಕಿರುಚಾಟ ನಿಂತಿತು.

ಆ್ಯಂಪ್ ಅವಳಿಗೆ ಹೋದ ಸ್ವರವನ್ನು ವಾಪಸು ಕೊಡಲಿಲ್ಲ. ಏರುವಲ್ಲಿ ದನಿ ಒಡೆಯಿತು, ಒಡೆದದ್ದು ಇನ್ನೂ ಸ್ಪಷ್ಟವಾಗಿ ಕೇಳಿಸಿತು. ನಾಲ್ಕನೇ ಫ್ರೆಟ್ಟಿನಲ್ಲಿದ್ದ ಕೇಪೋವನ್ನು ಒಂದನೆಯದಕ್ಕೆ ಇಳಿಸಿದೆ. ಶ್ರುತಿ ಮೂರು ಮನೆ ಕೆಳಗೆ ಬಂತು. ಮತ್ತೆ ಹಾಡಿದಳು. ಪಲ್ಲವಿ ದಾಟಿತು, ಚರಣವೂ ದಾಟಿತು. ಬೆರಳ ತುದಿಯಲ್ಲಷ್ಟೇ ಮೀಟುತ್ತಾ ಅವಳು ಉಸಿರು ತೆಗೆದುಕೊಳ್ಳುವ ಜಾಗಗಳನ್ನು ಕೇಳಿಸಿಕೊಂಡೆ. ಇಷ್ಟು ವರ್ಷ ಜೊತೆಗೆ ನುಡಿಸಿದರೂ ಅವು ನನಗೆ ಗೊತ್ತಿರಲಿಲ್ಲ.

ಯಾವ ಆ್ಯಂಪ್ ತಗೊಳ್ಳಲಿ ಎಂದು ಹಾಸ್ಟೆಲಿನ ಗೆಳೆಯರು ಈಗ ನನ್ನನ್ನು ಕೇಳುತ್ತಾರೆ. ವ್ಯಾಟ್ ನೋಡಬೇಡಿ, ಎರಡು ಚಾನೆಲ್ ಇದೆಯೇ ನೋಡಿ ಅನ್ನುತ್ತೇನೆ. ನನ್ನ ಗಿಟಾರಿನ ಕೇಬಲ್ ಮಾತ್ರ ಊರಿನ ಮನೆಯಲ್ಲಿ ಇನ್ನೂ ಕವರಿನಲ್ಲೇ ಇದೆ.

ಆ ಸಂಜೆ ಹಾಡು ಮುಗಿಸಿದ ಅಮ್ಮ ಕಿಟಕಿಯತ್ತ ನೋಡಿ, "ಒಂಚೂರು ಸಣ್ಣ ಮಾಡೋ, ಪಕ್ಕದ ಮನೆಯವರಿಗೆ ಕೇಳ್ಸುತ್ತೆ" ಅಂದಳು. ನಾನು ಗುಂಡಿಗೆ ಕೈ ಹಾಕಿದಂತೆ ಮಾಡಿ, ಇದ್ದಲ್ಲೇ ಬಿಟ್ಟೆ.