ಕೈಗೆ ಬಿದ್ದ ಗಂಟು

ಜುಲೈ ತಿಂಗಳು. ಪ್ಯಾರಿಸ್ಸಿನ ಮಾಂಮಾರ್ತ್ರ್ ಗುಡ್ಡದ ಮೇಲಿನ ಸಾಕ್ರೆ ಕೇರ್ ಚರ್ಚಿನ ಮೆಟ್ಟಿಲ ಬುಡದಲ್ಲಿ ಜಾತ್ರೆಯಂಥ ಜನ. ಹುಡುಗನೊಬ್ಬ ನಗುತ್ತ ಕೈ ಚಾಚಿದ. ನಾನೂ ಸಂಕೋಚಕ್ಕೆ ಕೈ ಕೊಟ್ಟೆ. ನೋಡನೋಡುತ್ತಲೇ ಬಣ್ಣದ ದಾರ ಹೆಣೆದು ಮಣಿಕಟ್ಟಿಗೆ ಗಂಟು ಹಾಕಿಯೇಬಿಟ್ಟ! ರಾಖಿ ನೆನಪಾಗಿ ಮನಸ್ಸು ಕರಗುವಷ್ಟರಲ್ಲಿ "ಇಪ್ಪತ್ತು ಯೂರೋ" ಎಂದ. ಸುತ್ತ ಅವನ ಗೆಳೆಯರು. ಗಂಟೋ ಬಿಚ್ಚದು. ಹೆದರಿ ಕೊಟ್ಟೆ. ಇವರಿಗೆ ಹೇಳಲು ನಾಚಿಕೆಯಾಗಿ ಸೆರಗಿನಲ್ಲಿ ಕೈ ಮುಚ್ಚಿಕೊಂಡೆ.

ಮರುದಿನ ಐಫೆಲ್ ಗೋಪುರದ ಬಳಿ ಹುಡುಗಿಯೊಬ್ಬಳು ಯಾವುದೋ ಮನವಿಗೆ ಸಹಿ ಕೇಳುತ್ತ ಬಂದಳು. ನಾವು ಸಹಿ ಹಾಕುವಾಗ ಇನ್ನೊಬ್ಬರ ಕೈ ನಮ್ಮ ಚೀಲದೊಳಗಿರುತ್ತದಂತೆ. ಚೀಲವನ್ನು ಎದೆಗವಚಿಕೊಂಡು, "ನೋಂ ಮೆರ್ಸಿ" ಎಂದು ನಿಲ್ಲದೆ ನಡೆದೆ. ಮನೆ ಬಾಗಿಲಲ್ಲಿ "ಮುಂದೆ ಹೋಗಪ್ಪಾ" ಎನ್ನಲೂ ಬಾಯಿ ಬಾರದ ನಾನು!