ಹೊಸ ಮನೆ, ಹಳೆಯ ಬೀಗ

ಕಂಪ್ಯೂಟರ್ ಚಾಲೂ ಆಗುವುದಕ್ಕೆ 'ಬೂಟ್' ಎಂಬ ಹೆಸರು ಬಂದದ್ದು ತಮಾಷೆಯ ಸಂಗತಿ. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ಮೇಲಕ್ಕೇಳುವುದು ಎಂಬ ಇಂಗ್ಲಿಷ್ ಮಾತು ಅದರ ಮೂಲ. ನ್ಯೂಟನ್ನನ ಮೂರನೆಯ ನಿಯಮ ಓದಿದ ಹೈಸ್ಕೂಲು ಹುಡುಗನೂ ಇದು ಆಗದ ಮಾತೆಂದಾನು. ಕಂಪ್ಯೂಟರ್ ಮಾತ್ರ ದಿನವೂ ಹೆಚ್ಚುಕಡಿಮೆ ಇದನ್ನೇ ಮಾಡುತ್ತದೆ. ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಸಣ್ಣ ಪ್ರೋಗ್ರಾಮು ಎಚ್ಚರಗೊಂಡು ಡಿಸ್ಕಿನಲ್ಲಿರುವ ಇನ್ನೊಂದನ್ನು ಎಬ್ಬಿಸುತ್ತದೆ, ಅದು ಮತ್ತೊಂದನ್ನು, ಕೊನೆಗೆ ವಿಂಡೋಸ್ ಪೂರ್ತಿಯಾಗಿ ಏಳುತ್ತದೆ.

ಹಾಗಾದರೆ ಹಳೆಯ ಡಿಸ್ಕನ್ನು ಬಿಚ್ಚಿ ಹೊಸ ಕಂಪ್ಯೂಟರಿಗೆ ಜೋಡಿಸಿದರೆ? 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಬಹುಪಾಲು ನೀಲಿ ಪರದೆಯೇ ಗತಿ. ಹಳೆಯ ಬೋರ್ಡಿನ ಪರಿಚಯವಷ್ಟೇ ಇದ್ದ ಅದಕ್ಕೆ ಹೊಸ ಬೋರ್ಡಿನಲ್ಲಿ ತನ್ನ ಡಿಸ್ಕನ್ನೇ ಓದಲು ಬರುತ್ತಿರಲಿಲ್ಲ. 2015ರ ವಿಂಡೋಸ್ 10ರ ಹೊತ್ತಿಗೆ ಈ ತೊಡಕು ಬಹುಮಟ್ಟಿಗೆ ನೀಗಿತ್ತು.

ಆ ಧೈರ್ಯದಿಂದಲೇ ನನ್ನ ಮಗ ಬೇಸಿಗೆ ರಜೆಯಲ್ಲಿ ತಾನೇ ಜೋಡಿಸಿದ ಕಂಪ್ಯೂಟರಿಗೆ ಮನೆಯ ಹಳೆಯ ಡಿಸ್ಕನ್ನು ಹಾಕಿದ. ಪರದೆ 48 ಅಂಕಿಗಳ ಕೀಲಿ ಕೇಳಿತು! ಆ ಡಿಸ್ಕಿನಲ್ಲಿ ಅವನ ಪ್ರಾಜೆಕ್ಟು, ನನ್ನ ಪಾಠದ ಟಿಪ್ಪಣಿಗಳಿದ್ದವು. ತೀರಿಹೋದ ನನ್ನ ತಾಯಿ ಮೊಮ್ಮಕ್ಕಳಿಗೆ ಹೇಳಿದ ಕಥೆಗಳ ಧ್ವನಿಮುದ್ರಣವೂ ಇತ್ತು. ಅದರ ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ. "ಅಪ್ಪಾ, ಅಜ್ಜಿ ಕಥೆ ಹೋಯ್ತಾ?" ಎಂದ.

ಹೋಗಿರಲಿಲ್ಲ. ಡಿಸ್ಕಿಗೆ 'ಬಿಟ್‌ಲಾಕರ್' ಎಂಬ ಬೀಗ ಬಿದ್ದಿತ್ತು. ಅದರ ಕೀಲಿಯನ್ನು ಕಾಯುವುದು ಮದರ್‌ಬೋರ್ಡಿನ 'ಟಿಪಿಎಂ' ಎಂಬ ಭಾಗ. ಹೊಸ ಬೋರ್ಡಿಗೆ ಆ ಗುಟ್ಟು ತಿಳಿಯದು. ಕಳ್ಳ ಡಿಸ್ಕನ್ನು ಕದ್ದೊಯ್ದರೂ ಹೀಗೆಯೇ ಆಗಬೇಕು. ವ್ಯವಸ್ಥೆ ಇರುವುದೇ ಅದಕ್ಕೆ. ಪುಣ್ಯಕ್ಕೆ ಹಳೆಯ ಕಂಪ್ಯೂಟರ್ ಗುಜರಿಗೆ ಹೋಗಿರಲಿಲ್ಲ. ಡಿಸ್ಕನ್ನು ಮರಳಿ ಅದಕ್ಕೇ ಹಾಕಿದಾಗ ಏನೂ ಆಗದಂತೆ ತೆರೆದುಕೊಂಡಿತು. ಮೊದಲು ಎಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಕೀಲಿಯನ್ನು ಕಾಗದದಲ್ಲಿ ಬರೆದಿಟ್ಟೆವು. ಬೀಗ ತೆಗೆಸಿ ಹೊಸದಕ್ಕೆ ಹಾಕಿದೆವು. ಕೆಲ ನಿಮಿಷ ತಡವರಿಸಿ ಅದು ಎದ್ದಿತು. ಕೀಲಿ ಹಲವೊಮ್ಮೆ ಮಾಲೀಕರ ಮೈಕ್ರೋಸಾಫ್ಟ್ ಖಾತೆಯಲ್ಲೂ ಸಿಗುವುದುಂಟು. ನಾವು ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ.

ಇನ್ನೊಂದು ಮಾತು. ಕಂಪ್ಯೂಟರಿನ ಜೊತೆಗೇ ಬಂದ ವಿಂಡೋಸ್ ಪರವಾನಗಿ ಸಾಮಾನ್ಯವಾಗಿ ಆ ಮದರ್‌ಬೋರ್ಡಿಗೇ ಸೇರಿದ್ದು. ಡಿಸ್ಕು ಎದ್ದರೂ ಹೊಸ ಪರವಾನಗಿ ಕೊಳ್ಳಬೇಕಾಗಬಹುದು. ಆ ಖರ್ಚನ್ನೂ ಲೆಕ್ಕದಲ್ಲಿಟ್ಟಿರಿ.

ಪೋಷಕರೇ, ಸ್ಕ್ರೂಡ್ರೈವರ್ ಹಿಡಿದ ಮಕ್ಕಳನ್ನು ಗದರಬೇಡಿ. ಬಿಚ್ಚಿ ಜೋಡಿಸಿಯೇ ಅವರು ಕಲಿಯುವುದು. ಆದರೆ ಮೊದಲ ತಿರುಪು ಸಡಿಲವಾಗುವ ಮುನ್ನ ಎರಡೇ ಪ್ರಶ್ನೆ ಕೇಳಿ: ನಕಲು ಮಾಡಿದ್ದೀಯಾ? ಕೀಲಿ ಬರೆದಿಟ್ಟಿದ್ದೀಯಾ?